ಒಂದು ಚದರಡಿ ಕಡಿಮೆ

ಕಗ್ಗದಾಸಪುರದ ದೊಡ್ಡಮುನಿಯಪ್ಪನಿಗೆ ಅರವತ್ತು ದಾಟಿದ ಮೇಲೆ ಗಣಿತ ಬಂತು. ಆ ವಯಸ್ಸಿಗೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಮಂಡಿನೋವು ಬರುತ್ತದೆ. ಅವಕ್ಕಾದರೆ ಮಾತ್ರೆಯಿದೆ.

ಬಂದದ್ದು ಕ್ಷೌರದಂಗಡಿಯಲ್ಲಿ. ಸರದಿಗೆ ಕಾಯುತ್ತಾ ಮೊಬೈಲು ನೋಡುತ್ತಿದ್ದಾಗ ಅದರಲ್ಲಿ ಯಾರೋ ಮೇಷ್ಟ್ರು ಕರಿಹಲಗೆಯ ಮುಂದೆ ನಿಂತು, ಐದರಿಂದ ಮುಗಿಯುವ ಸಂಖ್ಯೆಯ ವರ್ಗವನ್ನು ಬಾಯಲ್ಲೇ ಹೇಳುವ ಉಪಾಯ ಕಲಿಸುತ್ತಿದ್ದರು. ಅರವತ್ತೈದನ್ನು ಅರವತ್ತೈದರಿಂದಲೇ ಗುಣಿಸಬೇಕೇ? ಕೊನೆಯ ಐದನ್ನು ಬಿಡಿ. ಉಳಿದ ಆರನ್ನು ಅದರ ಮುಂದಿನ ಏಳರಿಂದ ಗುಣಿಸಿ, ನಲವತ್ತೆರಡು. ಪಕ್ಕಕ್ಕೆ ಇಪ್ಪತ್ತೈದು ಅಂಟಿಸಿ. ನಾಲ್ಕು ಸಾವಿರದ ಇನ್ನೂರ ಇಪ್ಪತ್ತೈದು, ಮುಗಿಯಿತು. ಆಮೇಲೆ ಮೇಷ್ಟ್ರು ಎರಡನೆಯ ಉಪಾಯ ಹೇಳಿದರು: ಒಂದು ಸಂಖ್ಯೆಯ ಹಿಂದಿನದನ್ನೂ ಮುಂದಿನದನ್ನೂ ಗುಣಿಸಿದರೆ, ನಡುವಿನ ಸಂಖ್ಯೆಯ ವರ್ಗಕ್ಕಿಂತ ಯಾವಾಗಲೂ ಒಂದು ಕಡಿಮೆ ಬರುತ್ತದೆ. ಮೂರನೆಯ ಉಪಾಯಕ್ಕೆ ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕ್ಷೌರದವನು "ಬನ್ನಿ ಯಜಮಾನ್ರೇ" ಎಂದು ಕರೆದ. ಹೀಗೆ ದೊಡ್ಡಮುನಿಯಪ್ಪನ ಗಣಿತ ಎರಡು ಉಪಾಯಕ್ಕೆ ನಿಂತಿತು.

ಆದರೆ ಎರಡೇ ಉಪಾಯದಲ್ಲಿ ಒಬ್ಬ ಮನುಷ್ಯ ಎಷ್ಟು ದೂರ ಹೋಗಬಹುದು ಎಂಬುದನ್ನು ಆ ಬೀದಿ ಕಂಡಿತು. ಟೀ ಅಂಗಡಿಯಲ್ಲಿ, ಕೆರೆ ಏರಿಯ ಮೇಲೆ, ಹಾಲಿನ ಬೂತಿನ ಮುಂದೆ ಅವನು ಸಿಕ್ಕವರನ್ನು ಹಿಡಿದು ನಿಲ್ಲಿಸುತ್ತಿದ್ದ.

"ಯಾವ್ದಾದ್ರೂ ಒಂದು ನಂಬರ್ ಹೇಳಪ್ಪ. ಐದರಲ್ಲಿ ಮುಗಿಯೋದು ಹೇಳು, ನಿನಗೆ ಸುಲಭ."

ಅವರು ಎಂಬತ್ತೈದು ಎನ್ನುವರು. ಇವನು ಕಣ್ಣು ಮುಚ್ಚಿ ತೆಗೆದು, "ಏಳು ಸಾವಿರದ ಇನ್ನೂರ ಇಪ್ಪತ್ತೈದು" ಎನ್ನುವನು. ಅವರು ಮೊಬೈಲಿನಲ್ಲಿ ಒತ್ತಿ ನೋಡಿ ಬಾಯಿ ತೆರೆಯುವರು. ಯಾರಾದರೂ ತಲೆಹರಟೆಯವರು ಎಂಬತ್ತೇಳು ಎಂದರೆ ಮಾತ್ರ ಅವನಿಗೆ ಕೆಮ್ಮು ಬರುತ್ತಿತ್ತು. ಬಗ್ಗಿ, ಎದೆ ಹಿಡಿದುಕೊಂಡು, ಕೇಳಿದವನೇ ಪಾಪಪ್ರಜ್ಞೆಯಿಂದ ಹೊರಟುಹೋಗುವ ತನಕ ಕೆಮ್ಮುತ್ತಿದ್ದ. ರಸ್ತೆ ಅಗೆದಿರುವ ಧೂಳಿಗೆ ಹೀಗಾಗುತ್ತಿದೆ ಎಂದು ಪಕ್ಕದ ಮನೆಯ ಯಶೋದಮ್ಮ ನಂಬಿದ್ದಳು. ಕೆಮ್ಮು ಕೇಳಿಸಿದ ತಕ್ಷಣ ಮೆಣಸಿನ ಕಷಾಯ ಹಿಡಿದು ಬರುತ್ತಿದ್ದಳು. ಆ ವರ್ಷ ದೊಡ್ಡಮುನಿಯಪ್ಪ ಕುಡಿದಷ್ಟು ಕಷಾಯವನ್ನು ಗಟ್ಟಿಮುಟ್ಟಾದ ಇನ್ನೊಬ್ಬ ಮನುಷ್ಯ ಕುಡಿದಿರಲಾರ.

"ಅಪ್ಪಾ, ಫೋನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲಾ" ಎಂದಳು ಮಗಳು ಯಮುನಾ.

"ಫೋನಿಗೆ ಚಾರ್ಜ್ ಬೇಕು. ನಂಗೆ ಬೇಡ."

"ನಿಮಗೆ ಗಂಟೆಗೊಂದು ಲೋಟ ಟೀ ಬೇಕು" ಎಂದಳು ಹೆಂಡತಿ ಚಿಕ್ಕಮುನಿಯಮ್ಮ, ಒಳಗಿಂದಲೇ.

ಯಮುನಾ ಇಂದಿರಾನಗರದ ನೂರಡಿ ರಸ್ತೆಯ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್ ಕೆಲಸ ಮಾಡುತ್ತಿದ್ದಳು. ಅಲ್ಲಿಗೆ ದವಡೆ ಹಲ್ಲು ತೋರಿಸಲು ಬಂದ ಕೆ.ಆರ್. ಪುರದ ನರೇಶ, ಹಲ್ಲು ಸರಿಹೋದ ಮೇಲೂ ಎರಡು ಸಲ ಬಂದ. ಮೂರನೆಯ ಸಲ ಅವನ ತಾಯಿ ಸುಭದ್ರಮ್ಮ ಬಂದಳು, ಹಲ್ಲಿನ ವಿಷಯ ಎತ್ತಲೇ ಇಲ್ಲ. ಎರಡೂ ಕಡೆಯವರು ಒಪ್ಪಿದರು. ತಾಂಬೂಲ ಬದಲಾಯಿಸುವ ಶಾಸ್ತ್ರ ಹೆಣ್ಣಿನ ಮನೆಯ ಪಕ್ಕದ ಖಾಲಿ ಜಾಗದಲ್ಲಿ, ಗುರುವಾರ, ಒಂದೂವರೆಯ ರಾಹುಕಾಲಕ್ಕೆ ಮುಂಚೆ ಎಂದಾಯಿತು. ಆ ಜಾಗ ಹಿಂದೆ ದೊಡ್ಡಮುನಿಯಪ್ಪನ ಅಪ್ಪ ರಾಗಿ ಒಕ್ಕುತ್ತಿದ್ದ ಕಣ. ಸುತ್ತಲೂ ನಾಲ್ಕಂತಸ್ತು ಎದ್ದಮೇಲೆ ಕಣಕ್ಕೆ ಗಾಳಿ ಬರುವುದು ನಿಂತಿತ್ತು, ಬಿಸಿಲು ಮಾತ್ರ ನಡುನೆತ್ತಿಗೆ ತಪ್ಪದೆ ಬರುತ್ತಿತ್ತು.

ಬಿಸಿಲಿನ ಮಾತು ಬಂದಾಗ ನರೇಶನ ಸೋದರಮಾವ ಮುತ್ತಣ್ಣನ ವಿಷಯ ಹೇಳಬೇಕು. ಸರ್ವೆ ಇಲಾಖೆಯಲ್ಲಿ ಅಳತೆಯ ಸರಪಳಿ ಎಳೆದು ನಿವೃತ್ತನಾದವನು. ಬೆಂಗಳೂರಿನ ಪೂರ್ವಭಾಗವೆಲ್ಲ ತಾನು ಎಳೆದದ್ದಕ್ಕೇ ಇಷ್ಟುದ್ದ ಇದೆ ಎನ್ನುವ ಭಾವ ಅವನ ನಡಿಗೆಯಲ್ಲೇ ಇತ್ತು. ಹಿಂದೆ ಯಾವುದೋ ಮದುವೆಯಲ್ಲಿ ಚಪ್ಪರದೊಳಗೆ ಜಾಗ ಸಾಲದೆ ಅವನು ಬಿಸಿಲಲ್ಲಿ ನಿಂತು ಅಕ್ಷತೆ ಎಸೆದಿದ್ದ. ಅಕ್ಷತೆ ಗಂಡುಹೆಣ್ಣಿನ ತನಕ ಹೋಗದೆ ಮುಂದೆ ನಿಂತಿದ್ದ ಬೋಳುತಲೆಯವನೊಬ್ಬನ ಮೇಲೆ ಬಿದ್ದು ಅಲ್ಲೇ ನಿಂತಿತ್ತು. ಆ ಅವಮಾನ ಅವನಿಗೆ ಇನ್ನೂ ಬಿಸಿಬಿಸಿಯಾಗಿಯೇ ಇತ್ತು. ಅವರ ಮನೆತನದಲ್ಲಿ ಸೋದರಮಾವ ತಟ್ಟೆ ಹಿಡಿಯದೆ ತಾಂಬೂಲ ಕೈ ಬದಲಾಗುವಂತಿಲ್ಲ. ಅವನು ಇಟ್ಟ ಷರತ್ತು ಒಂದೇ.

"ನಮ್ಮ ಕಡೆಯೋರು ಒಬ್ಬರೂ ಬಿಸಿಲಲ್ಲಿ ನಿಲ್ಲಬಾರ್ದು ಬೀಗ್ರೇ. ನಿಂತ್ರೆ ನಾನು ತಟ್ಟೆ ಹಿಡಿಯಲ್ಲ."

ಈ ಮಾತು ನಡೆದದ್ದು ಆ ಕಣದಲ್ಲೇ. ಶಿವಾಜಿನಗರದಲ್ಲಿ ಶಾಮಿಯಾನದ ಅಂಗಡಿಯಿಟ್ಟಿರುವ ಮುಕ್ತಾರ್ ಹಗ್ಗ ಹಿಡಿದು ಜಾಗ ಅಳೆಯುತ್ತಿದ್ದ. ದೊಡ್ಡಮುನಿಯಪ್ಪನಿಗೂ ಅವನಿಗೂ ಸ್ನೇಹ ಹಳೆಯದು. ತನ್ನ ಮಗಳು ಅಂಬ್ರೀನ್‌ಳ ಮದುವೆಗೆಂದು ಹೊಲಿಸಿದ್ದ, ಶಾಮಿಯಾನದ ನಾಲ್ಕೂ ಬದಿಗೆ ಕಟ್ಟುವ ಜರಿ ಅಂಚಿನ ಕೆಂಪು ಸುತ್ತುಬಟ್ಟೆಯನ್ನು ಅವನು ಮೊದಲ ಸಲ ಹೊರಗಿನವರಿಗೆಂದು ತೆಗೆದಿದ್ದ.

"ಮೂವತ್ತೈದು ಅಡಿ ಅಗಲ, ಮೂವತ್ತೈದು ಉದ್ದ ಅಣ್ಣಾ. ನನ್ ಬಟ್ಟೆಗೆ ಕರೆಕ್ಟಾಗಿ ಕೂರುತ್ತೆ" ಎಂದ ಮುಕ್ತಾರ್.

ಮೂವತ್ತೈದು! ಬೀಗರು ಎದುರಿಗಿದ್ದರು. ದೊಡ್ಡಮುನಿಯಪ್ಪ ಕಣ್ಣು ಮುಚ್ಚಿದ.

"ಸಾವಿರದ ಇನ್ನೂರ ಇಪ್ಪತ್ತೈದು ಚದರಡಿ."

ಮುತ್ತಣ್ಣ ಜೇಬಿನಿಂದ ಚೀಟಿ ತೆಗೆದು, ಕನ್ನಡಕ ಏರಿಸಿ, ಹಳೆಯ ಪದ್ಧತಿಯಲ್ಲಿ ಗುಣಿಸಿದ. ಕೈಯಲ್ಲಿದ್ದ ಮಜ್ಜಿಗೆ ಬೆಚ್ಚಗಾಗುವ ತನಕ ಗುಣಿಸಿದ. "ಸರಿಯಾಗಿದೆ!" ಎಂದು ತಲೆಯೆತ್ತಿದ. "ನಮ್ಮ ಸಾಹೇಬ್ರಿಗೂ ಇದು ಬರ್ತಿರ್ಲಿಲ್ಲ ಕಣ್ರೀ!"

ಇಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೊಗಳಿಕೆ ಒಳಗೆ ಹೋದ ಮೇಲೆ ಮಾತು ಹೊರಗೆ ಬರಲೇಬೇಕು.

"ಒಬ್ಬ ಮನುಷ್ಯ ನಿಂತ್ಕೊಳೋಕೆ ಒಂದು ಚದರಡಿ ಸಾಕು ಬೀಗ್ರೇ. ಸಾವಿರದ ಇನ್ನೂರ ಇಪ್ಪತ್ತೈದು ಜನಕ್ಕೆ ನೆರಳಿದೆ. ಕೆ.ಆರ್. ಪುರನೇ ಎತ್ಕೊಂಡ್ ಬನ್ನಿ!"

ಬರುವವರು ಎರಡೂ ಕಡೆ ಸೇರಿ ನೂರೈವತ್ತು ದಾಟುತ್ತಿರಲಿಲ್ಲ. ಆದರೂ ಮುತ್ತಣ್ಣ ಆ ದೊಡ್ಡ ಸಂಖ್ಯೆಯನ್ನು ಪ್ರಸಾದದಂತೆ ಸ್ವೀಕರಿಸಿ ಊರಿಗೆಲ್ಲ ಹಂಚಿದ.

ಬುಧವಾರ ಬೆಳಿಗ್ಗೆ ಕಂಬ ನೆಡುತ್ತಿರುವಾಗ ಯಶೋದಮ್ಮ ಸ್ಕೂಟರು ತಳ್ಳಿಕೊಂಡು ಬಂದು ತನ್ನ ಗೇಟಿನೊಳಗೇ ಸಿಕ್ಕಿಕೊಂಡಳು.

"ಏನ್ ಮುಕ್ತಾರ್ ಭಾಯ್, ನಾನು ಮನೆಯೊಳಗೇ ಸ್ಕೂಟರ್ ಓಡಿಸ್ಕೊಂಡಿರ್ಲಾ? ನಿಮ್ಮ ಕಂಬ ಗೇಟಿಗೆ ಅಡ್ಡ ಬರ್ತಿದೆ."

"ಒಂದೇ ಒಂದು ಅಡಿ ಅಮ್ಮಾ, ಸರಿಸ್ಬಿಡ್ತೀನಿ." ಮುಕ್ತಾರ್ ಆ ಬದಿಯ ಕಂಬಗಳನ್ನೆಲ್ಲ ಒಂದಡಿ ಒಳಕ್ಕೆ ತಂದ. ಅಗಲ ಮೂವತ್ತನಾಲ್ಕಾಯಿತು. ಉಳಿದ ಬಟ್ಟೆ ಜೋತುಬೀಳಬಾರದೆಂದು ಉದ್ದವನ್ನು ಒಂದಡಿ ಎಳೆದ. ಅದು ಮೂವತ್ತಾರಾಯಿತು. ಕೆಂಪು ಬಟ್ಟೆ ಸುತ್ತಲೂ ಮೊದಲಿನಷ್ಟೇ ಬಿಗಿಯಾಗಿ ಕೂತಿತು. ಯಶೋದಮ್ಮ ಗೇಟು ತೆರೆದಳು. ಎಲ್ಲರಿಗೂ ಸಮಾಧಾನವಾಯಿತು, ಒಬ್ಬನಿಗೆ ಬಿಟ್ಟು.

ದೊಡ್ಡಮುನಿಯಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. ಮೂವತ್ತನಾಲ್ಕು, ಮೂವತ್ತಾರು. ಹಿಂದಿನದು, ಮುಂದಿನದು. ಎರಡನೆಯ ಉಪಾಯವನ್ನು ಬಳಸುವ ಅವಕಾಶ ಅವನಿಗೆ ಈವರೆಗೆ ಬಂದೇ ಇರಲಿಲ್ಲ.

"ಮುಕ್ತಾರ್ ಭಾಯ್! ಒಂದು ಚದರಡಿ ಹೋಯ್ತು!"

"ಎಲ್ಲಿಗೆ?"

"ಅದನ್ನೇ ನಾನು ಕೇಳ್ತಿರೋದು. ಸಾವಿರದ ಇನ್ನೂರ ಇಪ್ಪತ್ತೈದಿತ್ತು. ಈಗ ಇಪ್ಪತ್ತನಾಲ್ಕೇ ಇದೆ."

ಮುಕ್ತಾರ್ ನಗಲು ನೋಡಿದ, ಆಗಲಿಲ್ಲ. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವನ ಶಾಮಿಯಾನ ಮಳೆಗೆ ನೆನೆದಿತ್ತು, ಗಾಳಿಗೆ ಹಾರಿತ್ತು, ಒಮ್ಮೆ ಒಂದು ಎತ್ತು ಅದರೊಳಗೆ ನುಗ್ಗಿ ಪಾಯಸ ಕುಡಿದಿತ್ತು. ಯಾರೂ ಅದು ಸಣ್ಣದಾಯಿತು ಎಂದಿರಲಿಲ್ಲ.

"ಅರೇ, ಏನಣ್ಣಾ ನೀವು! ಈ ಕಡೆ ಒಂದಡಿ ತೆಗ್ದೆ, ಆ ಕಡೆ ಒಂದಡಿ ಕೊಟ್ಟೆ. ಸುತ್ತೋ ಬಟ್ಟೆ ನೂರಾ ನಲವತ್ತಡಿ. ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ. ಅಲ್ಲಾ ಕಸಂ, ನಾನೇನು ಜೇಬಲ್ಲಿ ಹಾಕ್ಕೊಂಡ್ನಾ? ನೋಡ್ಕೊಳ್ಳಿ!" ಎಂದು ಅವನು ನಿಜವಾಗಿಯೂ ಎರಡೂ ಜೇಬು ಹೊರಗೆಳೆದು ತೋರಿಸಿದ. ಒಂದು ಬೀಗದಕೈ, ಎರಡು ಏಲಕ್ಕಿ ಬಿದ್ದವು.

"ನಿಮ್ಮ ಮೇಲೆ ಅನುಮಾನ ಅಲ್ಲ ಭಾಯ್. ಮೇಷ್ಟ್ರು ಹೇಳಿದ್ದು, ಒಂದು ಕಮ್ಮಿ ಬರುತ್ತೆ ಅಂತ."

"ಯಾವ ಮೇಷ್ಟ್ರು?"

"ಕ್ಷೌರದಂಗಡಿ ಮೇಷ್ಟ್ರು."

ಜನ ಸೇರಿದರು. ಕಗ್ಗದಾಸಪುರದಲ್ಲಿ ನೆಲ ಕಳೆದುಹೋಯಿತೆಂದರೆ ಯಾರೂ ಸುಮ್ಮನೆ ದಾಟಿಹೋಗುವುದಿಲ್ಲ, ಒಂದು ಚದರಡಿಯಾದರೂ ಸರಿ. ಮೇಲ್ಮನೆಯ ಬಾಡಿಗೆಯವರು ನೆಲ ಇಳಿಜಾರಾಗಿರಬಹುದು ಎಂದರು. ಇಸ್ತ್ರಿ ಅಂಗಡಿಯವನು ಬಟ್ಟೆ ಬಿಸಿಲಿಗೆ ಕುಗ್ಗಿರಬಹುದು ಎಂದ. ಹಾಲಿನ ಬೂತಿನ ಯಜಮಾನ ಏನನ್ನೂ ಹೇಳದೆ ಯಶೋದಮ್ಮನ ಕಾಂಪೌಂಡ್ ಗೋಡೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ.

"ನನ್ನ ಗೋಡೆ ಯಾಕ್ರೀ ನೋಡ್ತೀರಾ? ನಾನೇನು ನುಂಗಿದೀನಾ?" ಎಂದಳು ಯಶೋದಮ್ಮ.

"ನಾನೆಲ್ಲಮ್ಮಾ ಹೇಳ್ದೆ?"

"ಹೇಳ್ದೆ ಇರೋದನ್ನೇ ನಾನು ಕೇಳ್ತಿರೋದು!"

ಚಿಕ್ಕಮುನಿಯಮ್ಮ ಹೊರಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿಮ್ಮಪ್ಪ ಇದೇ ಕಣದಲ್ಲಿ ರಾಗಿ ರಾಶೀನ ಆ ಮೂಲೆಯಿಂದ ಈ ಮೂಲೆಗೆ ಎಳೀತಿದ್ರು. ಒಂದು ದಿನ ಆದ್ರೂ ಒಂದು ಸೇರು ಕಮ್ಮಿ ಆಯ್ತು ಅಂದ್ರಾ? ಹೋಗಿ ಎಲೆ ಅಡಿಕೆ ತನ್ನಿ."

ಯಶೋದಮ್ಮ ಮನಸ್ಸು ತಡೆಯದೆ ಕೆ.ಆರ್. ಪುರದಲ್ಲಿದ್ದ ನಾದಿನಿಗೆ ಫೋನು ಮಾಡಿದಳು. ಮಾತು ಫೋನಿನಲ್ಲೇ ಹೋದರೂ ನಡುದಾರಿಯ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ನಿಂತು ದಪ್ಪವಾದಂತೆ ಕಾಣುತ್ತದೆ. ಇಲ್ಲಿಂದ ಹೊರಟದ್ದು, ಶಾಮಿಯಾನದಲ್ಲಿ ಒಂದು ಚದರಡಿ ಕಡಿಮೆಯಂತೆ ಎಂದು. ನಾದಿನಿಯ ಬಾಯಲ್ಲಿ, ಒಬ್ಬರಿಗೆ ಜಾಗ ಇಲ್ಲವಂತೆ ಎಂದಾಯಿತು. ಮುತ್ತಣ್ಣನ ಜಗಲಿ ಮುಟ್ಟಿದಾಗ, ಗಂಡಿನ ಕಡೆಯ ಒಬ್ಬರಿಗೆ ಜಾಗ ಕೊಡಬಾರದೆಂದು ಹೆಣ್ಣಿನ ಕಡೆಯವರು ತೀರ್ಮಾನಿಸಿದ್ದಾರೆ ಎಂದಾಗಿತ್ತು.

ಆ ಒಬ್ಬ ಯಾರೆಂದು ಮುತ್ತಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಯಮುನಾಳಿಗೆ ನರೇಶನ ಫೋನು ಬಂತು. "ಮಾವ ತಟ್ಟೆ ಹಿಡಿಯಲ್ವಂತೆ. ಅಮ್ಮ ಅಳ್ತಾ ಕೂತಿದಾಳೆ. ಏನ್ ಮಾಡಿದ್ರು ನಿಮ್ಮಪ್ಪ?"

"ಲೆಕ್ಕ ಮಾಡಿದ್ರು" ಎಂದಳು ಯಮುನಾ. ಆಮೇಲೆ ಅಪ್ಪನ ಎದುರಿಗೆ ಬಂದು ನಿಂತಳು. ಅವಳು ಜಗಳವಾಡಲಿಲ್ಲ. "ಅಪ್ಪಾ, ನನಗೆ ಈ ಹುಡುಗ ಬೇಕು" ಎಂದಳು, ಅಷ್ಟೇ. ದೊಡ್ಡಮುನಿಯಪ್ಪ ಚಪ್ಪಲಿ ಮೆಟ್ಟಿಕೊಂಡ.

ಅವನೂ ಮುಕ್ತಾರೂ ಒಂದೇ ಆಟೋದಲ್ಲಿ ಕೆ.ಆರ್. ಪುರಕ್ಕೆ ಹೋದರು. ದಾರಿಯುದ್ದಕ್ಕೂ ಮುಕ್ತಾರ್ ಆ ಕಡೆಯ ರಸ್ತೆ ನೋಡಿದ, ಇವನು ಈ ಕಡೆಯ ರಸ್ತೆ ನೋಡಿದ. ಇಳಿಯುವಾಗ ಮಾತ್ರ ಮುಕ್ತಾರ್, "ನೂರಾ ನಲವತ್ತಡಿ" ಎಂದ. ದೊಡ್ಡಮುನಿಯಪ್ಪ, "ಒಂದು ಕಮ್ಮಿ" ಎಂದ.

ಮುತ್ತಣ್ಣ ಜಗಲಿಯ ಮೇಲೆ ಬೆನ್ನು ತೋರಿಸಿ ಕೂತಿದ್ದ.

"ಬೀಗ್ರೇ, ಬರೋದೇ ನೂರೈವತ್ತು ಜನ. ಒಳಗೆ ಕುಣಿದಾಡೋಷ್ಟು ಜಾಗ ಇದೆ" ಎಂದ ದೊಡ್ಡಮುನಿಯಪ್ಪ.

"ಜಾಗ ಇರೋದು ಬೇರೆ, ನನ್ನ ಜಾಗ ಇರೋದು ಬೇರೆ" ಎಂದ ಮುತ್ತಣ್ಣ ತಿರುಗದೆ. "ಸಾವಿರದ ಇನ್ನೂರ ಇಪ್ಪತ್ತೈದು ಅಂತ ನೀವೇ ಅಂದ್ರಿ. ನಾನು ಊರಿಗೆಲ್ಲ ಹೇಳ್ದೆ. ಈಗ ಒಂದು ಕಮ್ಮಿ ಅಂತೀರಿ. ಅದೂ ನನಗೆ ಹೇಳ್ದೆ. ಆ ಸಾವಿರದ ಇನ್ನೂರ ಇಪ್ಪತ್ತನಾಲ್ಕರಲ್ಲಿ ಯಾರನ್ನ ಬೇಕಾದ್ರೂ ನಿಲ್ಲಿಸ್ಕೊಳ್ಳಿ."

"ಸಾಹೇಬ್ರೇ, ಜಾಗ ಕಮ್ಮಿ ಆಗೇ ಇಲ್ಲ. ಬಟ್ಟೆ ಅಷ್ಟೇ ಇದೆ" ಎಂದ ಮುಕ್ತಾರ್.

"ಕಮ್ಮಿ ಆಗಿದೆ ಭಾಯ್" ಎಂದ ದೊಡ್ಡಮುನಿಯಪ್ಪ. ತನ್ನ ಮಗಳ ಮದುವೆ ಮುರಿಯುತ್ತಿರುವಾಗಲೂ ಅವನಿಗೆ ತಪ್ಪು ಲೆಕ್ಕ ಕೇಳಿಕೊಂಡಿರಲಾಗಲಿಲ್ಲ.

ಮುತ್ತಣ್ಣ ಈಗ ತಿರುಗಿದ. "ನೋಡಿ, ಒಪ್ಕೊಂಡ್ರು! ಇಷ್ಟು ಲೆಕ್ಕ ಬರೋರಿಗೆ ಇದೊಂದು ಗೊತ್ತಾಗದೆ ಹೋಯ್ತಾ? ಹೇಳಿ, ಮೂವತ್ತೇಳರ ವರ್ಗ ಎಷ್ಟು?"

ದೊಡ್ಡಮುನಿಯಪ್ಪನಿಗೆ ಕೆಮ್ಮು ಬಂತು. ಅಂಥ ಕೆಮ್ಮು ಹಿಂದೆ ಯಾವ ಸಂಖ್ಯೆಗೂ ಬಂದಿರಲಿಲ್ಲ. ಸುಭದ್ರಮ್ಮ ಅಳು ನಿಲ್ಲಿಸಿ ಒಳಗಿಂದ ಕಷಾಯ ತಂದಳು. ಕಗ್ಗದಾಸಪುರದ ಕಷಾಯಕ್ಕಿಂತ ಅದು ಖಾರವಾಗಿತ್ತು. ಇಷ್ಟು ಕಾಯಿಲೆ ಇಟ್ಟುಕೊಂಡು ಬಂದಿದ್ದಾನಲ್ಲ ಎಂದು ಮುತ್ತಣ್ಣನ ಮನಸ್ಸು ಒಂದು ಸುತ್ತು ಸಡಿಲವಾಯಿತು.

"ನಾಳೆ ನಾನೇ ಬಂದು ಅಳೀತೀನಿ. ನನ್ನ ಒಂದು ಚದರಡಿ ಸಿಕ್ರೆ ತಟ್ಟೆ ಹಿಡೀತೀನಿ. ಇಲ್ದಿದ್ರೆ ಬಾಗಿಲಿಂದಲೇ ವಾಪಸ್."

ಗುರುವಾರ ಹನ್ನೆರಡು ಗಂಟೆಗೆ ಗಂಡಿನ ಕಡೆಯವರು ಇಳಿದರು. ಎಲ್ಲರಿಗಿಂತ ಮುಂದೆ ಮುತ್ತಣ್ಣ, ರೇಷ್ಮೆ ಪಂಚೆ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಅಳತೆ ಪಟ್ಟಿ. ವಾಲಗದವರು ಅವನನ್ನು ನೋಡಿ ಊದಲು ಶುರುಮಾಡಿ, ಅವನು ಬಗ್ಗಿ ಕಂಬದ ಬುಡಕ್ಕೆ ಪಟ್ಟಿ ಹಿಡಿದದ್ದು ಕಂಡು ನಿಲ್ಲಿಸಿದರು. ಒಳಗೆ ನೂರೈವತ್ತು ಕುರ್ಚಿಯ ಜನ ಕತ್ತು ಹೊರಳಿಸಿದರು. ಅರ್ಧ ಶಾಮಿಯಾನ ಖಾಲಿ ಬಿದ್ದಿತ್ತು.

ಅವನು ಅಗಲ ಅಳೆದ. ಉದ್ದ ಅಳೆದ. ಚೀಟಿ ತೆಗೆದು ಗುಣಿಸತೊಡಗಿದ. ನರೇಶ ಗಡಿಯಾರ ನೋಡಿದ, ಯಮುನಾ ನರೇಶನನ್ನು ನೋಡಿದಳು. ಚಿಕ್ಕಮುನಿಯಮ್ಮ ಗಂಡನನ್ನು ನೋಡಿದ ನೋಟವನ್ನು ಬರೆಯದೇ ಇರುವುದು ಮೇಲು.

"ಸಾವಿರದ ಇನ್ನೂರ ಇಪ್ಪತ್ತನಾಲ್ಕು" ಎಂದು ಮುತ್ತಣ್ಣ ಚೀಟಿ ಮಡಿಸಿದ. "ನಾನ್ ಬರ್ತೀನಿ."

"ಅವ್ರು ಹೇಳಿದ್ದು ನಿಜಾನೇ ಆಯ್ತಲ್ಲ!" ಎಂದ ಮುಕ್ತಾರ್ ಬೆರಗಾಗಿ. ಬಟ್ಟೆ ಅಷ್ಟೇ ಇದ್ದು ಜಾಗ ಹೇಗೆ ಕಡಿಮೆಯಾಯಿತೆಂದು ಅವನು ತನ್ನ ಕಂಬಗಳನ್ನೇ ಅಪರಿಚಿತರಂತೆ ನೋಡಿದ.

ಆಗ ಮುಕ್ತಾರನ ಹೆಂಡತಿ ಖುರ್ಷೀದಾ ಹೆಂಗಸರ ಸಾಲಿನಿಂದ ಎದ್ದಳು. "ಒಂದು ಅಡಿ ತಾನೇ ಬೇಕಾಗಿರೋದು? ಯಾಕ್ ಇಷ್ಟು ಗಲಾಟೆ? ಕೊಟ್ಬಿಡಿ!" ಎಂದಳು. ಗಂಡನ ಗಾಡಿಯಲ್ಲಿ ಕೆಂಪು ಜರಿಬಟ್ಟೆಯ ತುಂಡೊಂದು ಉಳಿದಿರುವುದು ಅವಳಿಗೆ ಗೊತ್ತಿತ್ತು.

ಮುಕ್ತಾರನಿಗೆ ಜೀವ ಬಂತು. ಬಾಗಿಲಿನ ಮುಂದೆ ಎರಡು ಗಳು ನೆಟ್ಟು, ಆ ತುಂಡಿನ ಮುಂದಿನ ಎರಡು ತುದಿಯನ್ನು ಅವಕ್ಕೂ ಹಿಂದಿನ ಎರಡನ್ನು ಬಾಗಿಲ ಕಂಬಕ್ಕೂ ಮೇಲೆ ಬಿಗಿದು ಕಟ್ಟಿದ. ಕೆಳಗೆ ರತ್ನಗಂಬಳಿಯ ಚೂರು ಹಾಸಿದ. ಮುತ್ತಣ್ಣ ತಾನೇ ಪಟ್ಟಿ ಹಿಡಿದು ನೋಡಿದ: ಒಂದಡಿ ಅಗಲ, ಒಂದಡಿ ಉದ್ದ. ಇಡೀ ಶಾಮಿಯಾನಕ್ಕೆ ಮೂಗು ಬಂದಂತೆ ಕಾಣುತ್ತಿತ್ತು. ಕುರ್ಚಿ ಹಾಕಲು ನೋಡಿದರು, ಹಿಡಿಸಲಿಲ್ಲ. ಮುತ್ತಣ್ಣ ಹೊಟ್ಟೆಯನ್ನು ಸ್ವಲ್ಪ ಒಳಗೆಳೆದುಕೊಂಡು ಅದರ ಮೇಲೆ ನಿಂತ.

"ಇದು ನಂದು" ಎಂದ.

ತಡವಾಗಿ ಬಂದವರಿಗೆ ಹಿಂದಿನದೇನೂ ಗೊತ್ತಿರಲಿಲ್ಲ. ಬಾಗಿಲಲ್ಲಿ, ಜರಿ ಮೇಲ್ಕಟ್ಟಿನಡಿಯಲ್ಲಿ, ರೇಷ್ಮೆ ಪಂಚೆಯ ದೊಡ್ಡ ಮನುಷ್ಯನೊಬ್ಬ ಒಂಟಿಯಾಗಿ ನಿಂತಿದ್ದಾನೆ. ಇವರೇ ಮುಖ್ಯರಿರಬೇಕೆಂದು ಒಬ್ಬರು ಕೈ ಮುಗಿದರು. ಹಿಂದಿನವರು ಕಾಲು ಮುಟ್ಟಿದರು. ಪನ್ನೀರು ಚಿಮುಕಿಸುವ ಹುಡುಗಿಯರು ಅಲ್ಲೇ ಬಂದು ನಿಂತರು. ಮುತ್ತಣ್ಣ ಎರಡೂ ಕೈಯಲ್ಲಿ ಆಶೀರ್ವಾದ ಮಾಡಿದ. ಅವನ ಮುಖ ಅರಳಿ ಅರಳಿ ಕೊನೆಗೆ ಅದಕ್ಕೇ ಒಂದು ಚದರಡಿ ಸಾಲದಂತಾಯಿತು.

"ಒಂದು ಗಂಟೆ ಆಯ್ತು, ವೇದಿಕೆಗೆ ಬಾರೋ" ಎಂದು ಸುಭದ್ರಮ್ಮ ಕರೆದಳು.

"ನಾನಿಲ್ಲಿಂದ ಕದಲಲ್ಲ ಕಣಕ್ಕ. ತಟ್ಟೆ ಇಲ್ಲಿಗೇ ತನ್ನಿ."

ತಟ್ಟೆ, ಗಂಡು, ಹೆಣ್ಣು, ಫೋಟೋದವನು, ವಾಲಗ ಎಲ್ಲವೂ ಬಾಗಿಲಿಗೆ ಬಂದವು. ಮುತ್ತಣ್ಣ ಒಳಗಿನವರಿಗೆ ಬೆನ್ನು ತಿರುಗಿಸಿ ಬೀದಿಯ ಕಡೆಗೆ ನಿಂತಿದ್ದ. ಎದುರು ನಿಂತು ತಟ್ಟೆ ಕೊಡಬೇಕಾದ ದೊಡ್ಡಮುನಿಯಪ್ಪ ಹೀಗೆ ಬೀದಿಗಿಳಿದು, ತನ್ನ ಅಪ್ಪನ ಕಣದ ಅಂಚಿನಲ್ಲಿ, ನೆತ್ತಿಯ ಬಿಸಿಲಿಗೆ ನಿಂತ. ಹಣೆಯ ಬೆವರು ಕುಂಕುಮವನ್ನು ಕರೆದುಕೊಂಡು ಮೂಗಿನ ತನಕ ಇಳಿಯಿತು. ತಟ್ಟೆ ಕೈ ಬದಲಾಯಿತು. ವಾಲಗ ಜೋರಾಯಿತು. ಯಮುನಾ ನರೇಶನನ್ನು ನೋಡಿ ನಕ್ಕಳು. ಅವನ ಹಲ್ಲೆಲ್ಲ ಕಂಡವು, ಚೆನ್ನಾಗಿಯೇ ಇದ್ದವು.

ಮುತ್ತಣ್ಣ ಆಗ ಎದುರಿಗಿದ್ದ ಮುಖವನ್ನು ಸರಿಯಾಗಿ ನೋಡಿದ. ಆ ಬಿಸಿಲು ಅವನಿಗೆ ಪರಿಚಯದ ಬಿಸಿಲು.

"ಅಯ್ಯೋ ಬೀಗ್ರೇ, ನೀವೇ ಬಿಸಿಲಲ್ಲಿ ನಿಂತಿದೀರಲ್ರೀ! ಬನ್ನಿ ಒಳಗೆ!"

"ಇರ್ಲಿ ಬಿಡಿ, ನಿಮ್ಮ ಜಾಗ..."

"ಬನ್ನಿ ಅಂದ್ರೆ!" ಎಂದು ತಟ್ಟೆಯನ್ನು ಅಕ್ಕನ ಕೈಗೆ ದಾಟಿಸಿ, ದೊಡ್ಡಮುನಿಯಪ್ಪನ ರಟ್ಟೆ ಹಿಡಿದು ಎಳೆದುಕೊಂಡ. ಒಂದು ಚದರಡಿಯಲ್ಲಿ ಹೊಟ್ಟೆಯಿರುವ ಇಬ್ಬರು ಗಂಡಸರು ನಿಲ್ಲಬೇಕಾದರೆ ಇರುವುದು ಒಂದೇ ದಾರಿ. ಇಬ್ಬರೂ ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿಕೊಂಡರು. ಬಿಟ್ಟರೆ ಒಬ್ಬರು ಹೊರಗೆ ಬೀಳುತ್ತಿದ್ದರು, ಆದ್ದರಿಂದ ಬಿಡಲಿಲ್ಲ. ನೂರೈವತ್ತು ಜನ ಎದ್ದು ಚಪ್ಪಾಳೆ ತಟ್ಟಿದರು. ಇಂಥ ಬೀಗತನ ತಾನು ನೋಡೇ ಇಲ್ಲ ಎಂದು ಯಶೋದಮ್ಮ ಕಣ್ಣೊರೆಸಿಕೊಂಡಳು.

ಮುಕ್ತಾರ್ ಲಾಡಿನ ತಟ್ಟೆ ಹಿಡಿದು ಹತ್ತಿರ ಬಂದ. "ಈಗ ಲೆಕ್ಕ ಸರಿಹೋಯ್ತಾ ಅಣ್ಣಾ?" ಎಂದು ಮೆಲ್ಲಗೆ ಕೇಳಿದ.

ಮುತ್ತಣ್ಣನ ಹೆಗಲ ಮೇಲಿದ್ದ ದೊಡ್ಡಮುನಿಯಪ್ಪನ ಮುಖ ಯೋಚನೆಗೆ ಬಿತ್ತು. ಕಣ್ಣು ಮುಚ್ಚಿ ತೆಗೆದ.

"ಎಲ್ಲಿ ಭಾಯ್? ಜಾಗ ಸಾವಿರದ ಇನ್ನೂರ ಇಪ್ಪತ್ತೈದು ಆಯ್ತು, ಸರಿ. ಆದ್ರೆ ಇಲ್ಲಿ ಒಂದಡೀಲಿ ಇಬ್ರು ನಿಂತಿದೀವಿ. ಹಂಗಾದ್ರೆ ಒಬ್ಬರು ಜಾಸ್ತಿ..."

ಮುಕ್ತಾರ್ ಇಡೀ ಲಾಡನ್ನು ಅವನ ಬಾಯಿಗೆ ತುರುಕಿದ.

ಅವನಿಗೆ ಕೆಮ್ಮು ಬಂತು. ಈ ಸಲ ನಿಜವಾದ ಕೆಮ್ಮು. ಮುತ್ತಣ್ಣ ಬೆನ್ನು ಗುದ್ದತೊಡಗಿದ. ಒಂದು ಕಡೆಯಿಂದ ಯಶೋದಮ್ಮ, ಇನ್ನೊಂದು ಕಡೆಯಿಂದ ಸುಭದ್ರಮ್ಮ, ಕಷಾಯ ಕಾಯಿಸಲು ಒಂದೇ ಒಲೆಗೆ ಓಡಿದರು.